ತಡವರಿಸದ ಓದುಗರು

ನಾಗಪುರಕ್ಕೆ ಬರುವ ಕೋರಾಡಿ ಬಸ್ಸು ಅಂದು ದಾರಿಯಲ್ಲಿ ಕೆಟ್ಟು ನಿಂತದ್ದೇ ಶ್ರೀಕಾಂತನ ಗ್ರಹಚಾರಕ್ಕೆ ನಾಂದಿಯಾಯಿತು. ಅವನ ಪ್ರಯೋಗಕ್ಕೆ ಬೇಕಿದ್ದ ಕೊನೆಯ ಓದುಗ ಅದರಲ್ಲೇ ಬರಬೇಕಿತ್ತು.

ನಾಗಪುರದ ಕಾಲೇಜೊಂದರಲ್ಲಿ ಹಂಗಾಮಿಯಾಗಿ ಜರ್ಮನ್ ಕಲಿಸುತ್ತಿದ್ದ ಶ್ರೀಕಾಂತ ಪಿಎಚ್.ಡಿ.ಗಾಗಿ ಒಂದು ಪ್ರಶ್ನೆಗೆ ಜೋತುಬಿದ್ದಿದ್ದ. ‘ಆನಾ ಮಾರಿಯಾಗಿಂತ ಹೆಚ್ಚು ಲೀಸಾಳನ್ನು ಹೊಗಳುತ್ತಾಳೆ’ ಎಂಬಂಥ ಜರ್ಮನ್ ವಾಕ್ಯದಲ್ಲಿ ಮಾರಿಯಾ ಹೊಗಳುವವಳೋ, ಹೊಗಳಿಸಿಕೊಳ್ಳುವವಳೋ? ಓದುವವರು ಅಲ್ಲಿ ತಡವರಿಸುತ್ತಾರೆಂದು ಪಂಡಿತರ ಅಂಬೋಣ. ಅವನ ಪ್ರಯೋಗದಲ್ಲಿ ಗುಂಡಿ ಒತ್ತಿದಂತೆ ಕಂಪ್ಯೂಟರಿನಲ್ಲಿ ಒಂದೊಂದೇ ಪದ ಮೂಡುತ್ತದೆ. ಬೆರಳು ನಿಂತಲ್ಲಿ ತಡವರಿಕೆ. ಆದರೆ ಅವನ ವಿದ್ಯಾರ್ಥಿಗಳಲ್ಲಿ ಒಬ್ಬನ ಬೆರಳೂ ನಿಂತಿರಲಿಲ್ಲ. ಹೊಸ ಶೋಧವೆಂದು ಗೈಡ್ ಮೇಡಂ ಹಿಗ್ಗಿದ್ದರು. ಇವತ್ತು ಇನ್ನೊಬ್ಬರನ್ನು ಓದಿಸಿ ಖಚಿತಪಡಿಸಿದರೆ ಪದವಿ, ಹಿಂದೆಯೇ ಕಾಯಂ ನೌಕರಿ.

ಬಸ್ಸಿನ ಹುಡುಗ ಬಾರದ್ದರಿಂದ ಉರಿಬಿಸಿಲಲ್ಲಿ ಸ್ಕೂಟರ್ ಓಡಿಸಿ, ಕೈಕಾಲು ಹಿಡಿದು, ಸಪ್ನಾ ಎಂಬ ವಿದ್ಯಾರ್ಥಿನಿಯನ್ನು ಮನೆಗೆ ಕರೆತಂದ. ಬಂದು ನೋಡಿದರೆ ಕರೆಂಟಿಲ್ಲ. ಅವನ ಮಹಡಿಯ ಕೋಣೆ ಕಾದ ಹಂಚಿನಂತಿತ್ತು.

ಕೆಳಗಿನ ಮನೆಯ ಕನ್ನಡಿಗ, ನಿವೃತ್ತ ಹೆಡ್‌ಮಾಸ್ತರ್ ಕೃಷ್ಣಪ್ಪ ಎಂದಿನಂತೆ ಬಾಗಿಲಲ್ಲೇ ಇದ್ದರು. “ಹುಡುಗಿ ಭಾಳ ಹೆದರೇತಿ. ಕರೆಂಟ್ ಬರೋತನಕ ನಮ್ಮಲ್ಲೇ ಕೂಡ್ಲಿ ಬಿಡ್ರಿ. ನಮ್ಮ ಮನಿಯಾಕಿ ಗೌರಮ್ಮ ಮಾವಿನಕಾಯಿ ಪಾನಕ ಮಾಡ್ಯಾಳ.”

ಎಂಥ ಒಳ್ಳೆಯ ಜನ ಎಂದು ಶ್ರೀಕಾಂತನ ಕಣ್ಣು ತುಂಬಿತು.

ಕರೆಂಟ್ ಬಂತು. ಮಹಡಿಗೆ ಬಂದ ಸಪ್ನಾಳ ಬೆರಳು ಟಕಟಕ ಓಡಿತು, ಮಾರಿಯಾಳ ಹೆಸರು ಬಂದರೂ ನಿಲ್ಲಲಿಲ್ಲ. ಶ್ರೀಕಾಂತ ಎಸ್‌ಟಿಡಿ ಬೂತಿಗೆ ಓಡಿ ಮೇಡಂಗೆ ಸುದ್ದಿ ಮುಟ್ಟಿಸಿ, ಪೇಢೆ ಕಟ್ಟಿಸಿಕೊಂಡು ನೇರ ಕೃಷ್ಣಪ್ಪನವರ ಮನೆಗೆ ಬಂದ.

“ಪಾಸಾದ್ಳೇನ್ರಿ?” ಎಂದರು ಕೃಷ್ಣಪ್ಪ.

“ಒಂದ ಕಡೀನೂ ನಿಲ್ಲಲಿಲ್ರಿ ಸರ್.”

“ನಿಲ್ತಾಳ ಹ್ಯಾಂಗ? ನೀವು ನಮ್ಮ ಮನಿ ರದ್ದಿಗೆ ಹಾಕಿದ ಹಾಳಿ ಎಲ್ಲಾ ಜ್ವಾಕಿ ಮಾಡೀನಿ. ಇವೇ ಪ್ರಶ್ನೆ ಬರೋದು ಗೊತ್ತಿತ್ತು, ಕರೆಂಟ್ ಬರೋದ್ರಾಗ ಆಕೀಗೆ ಎಲ್ಲಾ ಓದಿಸಿಬಿಟ್ಟೆ. ಅರ್ಥ ನನಗೂ ತಿಳಿಯಂಗಿಲ್ಲ, ಆಕೀಗೂ ತಿಳಿಯಂಗಿಲ್ಲ. ಬಾಯಿಪಾಠ ಬರೋಬರ್ ಇದ್ರ ಮುಗೀತು.”

ಶ್ರೀಕಾಂತ ಪೇಢೆಯ ಪೊಟ್ಟಣ ಬಿಚ್ಚುವುದನ್ನು ನಿಲ್ಲಿಸಿದ. “ಆಕಿ ಒಬ್ಬಾಕಿಗೇ ಹೌದಲ್ರಿ?”

“ನಾ ಪಕ್ಷಪಾತ ಮಾಡೋ ಮನಷ್ಯಾ ಅಲ್ರಿ. ನಿಮ್ಮ ಹುಡುಗರೆಲ್ಲಾ ಮೊದಲ ಇಲ್ಲಿ ಕೂತು ಓದೇ ಮ್ಯಾಲೆ ಬಂದವರು. ಒಬ್ಬನರ ಫೇಲಾದನೇನು?”

ಶ್ರೀಕಾಂತ ಮೆಟ್ಟಿಲ ಮೇಲೆ ಕೂತ. ಪಾಪ, ಬೈಯಲು ಬಾಯಿ ತೆರೆದವನು ಮುದುಕರ ಹಿಗ್ಗಿದ ಮುಖ ನೋಡಿ ಪೇಢೆಯನ್ನು ಅವರ ಮುಂದೆ ಹಿಡಿದ. “ಮುಂದಿನ ವಾರ ಜರ್ಮನಿ ಪ್ರೊಫೆಸರ್ ಬರ್ತಾರಂತ್ರಿ ಸರ್. ಪಿಎಚ್.ಡಿ. ಪರೀಕ್ಷಾದಾಗ ನನಗ ಪ್ರಶ್ನೆ ಕೇಳಾಕ.”

ಕೃಷ್ಣಪ್ಪ ಪೇಢೆ ಬಾಯಿಗಿಟ್ಟು ಅವನ ಹತ್ತಿರ ಸರಿದು ದನಿ ತಗ್ಗಿಸಿದರು.

“ಅವರು ರದ್ದಿ ಯಾರ ಮನಿಗೆ ಹಾಕ್ತಾರ, ಅದನ್ನಷ್ಟ ಹೇಳ್ರಿ.”