ನನ್ನ ಕಲ್ಲಿಗೆ ವಠಾರದ ತೀರ್ಪು

ನನಗೆ ಬಂದ ಕಾಯಿಲೆ ನನ್ನೊಬ್ಬನದಾಗಿ ಉಳಿದದ್ದೇ ಇಲ್ಲ. ರಾಮಮೂರ್ತಿ ನಗರದ ನಮ್ಮ ವಠಾರದಲ್ಲಿ ಸೀನಿದರೆ ಸಾಕು, ಎಲ್ಲ ಮನೆಗಳಿಂದಲೂ ಔಷಧಿ ಹೊರಡುತ್ತದೆ. ಇನ್ನು ಕಿಡ್ನಿ ಸ್ಟೋನ್ ಅಂದರೆ ಬಿಟ್ಟಾರೆಯೇ?

೧

ಸೊಂಟ ಹಿಡಿದುಕೊಂಡು ಹಲಸೂರಿನ ಡಾಕ್ಟರ ಹತ್ತಿರ ಹೋದೆ. ಕೂತರೂ ನೋವು, ನಿಂತರೂ ನೋವು. ಅವರ ಮೇಜಿನ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಕೇಳಿಸಿಕೊಂಡೆ.

“ಕಲ್ಲು ಚಿಕ್ಕದು. ಮಾತ್ರೆ ತಗೊಂಡು, ಚೆನ್ನಾಗಿ ನೀರು ಕುಡಿದು, ಬೀಳುತ್ತಾ ಅಂತ ಎರಡು ವಾರ ಕಾಯಬಹುದು. ಇಲ್ಲಾ ಹೊರಗಿನಿಂದ ಶಾಕ್ ವೇವ್ ಕೊಟ್ಟು ಪುಡಿ ಮಾಡಬಹುದು. ಅದೂ ಬೇಡ ಅಂದ್ರೆ ಲೇಸರ್. ಸಣ್ಣ ಪೈಪ್ ಒಳಗೆ ಬಿಡ್ತೀವಿ.”

“ಎಲ್ಲಿಂದ ಸಾರ್ ಒಳಗೆ?”

ಎಲ್ಲಿಂದ ಎಂದು ಹೇಳಿದರು. ಅಷ್ಟು ಹೊತ್ತಿನಲ್ಲಿ ನಾನು ಅಲ್ಲಾಡದೆ ನಿಂತದ್ದು ಆಗಲೇ.

“ನೀರೇ ಕುಡೀತೀನಿ ಸಾರ್.”

೨

ಕಮ್ಮನಹಳ್ಳಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಅಲ್ಲಿ ಟಾಯ್ಲೆಟ್ ಇಲ್ಲ, ಪಕ್ಕದ ಹೋಟೆಲಿಗೇ ಓಡಬೇಕು. ಒಮ್ಮೆ ಗಿರಾಕಿಯೊಬ್ಬರ ಅಳತೆ ತೆಗೆಯುವಾಗ ಅರ್ಜೆಂಟಾಯಿತು. “ಕೈ ಹಂಗೇ ಇಟ್ಕೊಳ್ಳಿ ಸಾರ್” ಎಂದು ಟೇಪಿನ ಸಮೇತ ಓಡಿದೆ. ವಾಪಸ್ಸು ಬಂದರೆ ಪಾಪ, ಇನ್ನೂ ಎರಡೂ ಕೈ ಚಾಚಿಕೊಂಡೇ ನಿಂತಿದ್ದರು.

ಹಿಂದೆಯೇ ಹೋಟೆಲಿನವನು ಬಂದ. “ಗುರು, ನೀರು ಎಲ್ಲೋ ಕುಡಿದು ಇಲ್ಲಿಗ್ ಬರ್ತೀಯ. ಒಂದು ಕಾಫಿನಾದ್ರೂ ನಮ್ಮಲ್ಲಿ ಕುಡಿ!”

೩

ವಠಾರದಲ್ಲಿ ಎರಡು ಪಕ್ಷ. ಎದುರು ಮನೆಯ ಕ್ಯಾಬ್ ಡ್ರೈವರ್ ಲೇಸರ್ ಪಕ್ಷ. “ಇವತ್ತು ಹೋದೆ, ನಾಳೆ ಬಂದ್ಬಿಟ್ಟೆ. ನೋವೇ ಇಲ್ಲ ಮಗಾ!”

ಒಳಗಿನಿಂದ ಅವನ ಹೆಂಡತಿಯ ದನಿ: “ಒಳಗೆ ಸ್ಟೆಂಟ್ ಅಂತ ಪೈಪ್ ಇಟ್ಟಿದ್ರಲ್ಲ, ಅದನ್ನ ತೆಗೆಯೋವರ್ಗೂ ಕೂಗಾಡ್ತಿದ್ದೋರು ಯಾರ್ರೀ?”

ಓನರ್ ಅಮ್ಮನದು ಬಾಳೆದಿಂಡಿನ ಪಕ್ಷ. ದಿನಾ ಬೆಳಗ್ಗೆ ಅದರ ರಸ ತಂದು, ನಾನು ಕುಡಿಯುವವರೆಗೂ ಕದಲುತ್ತಿರಲಿಲ್ಲ. “ನಮ್ಮ ಯಜಮಾನ್ರಿಗೆ ಇದರಲ್ಲೇ ಕರಗಿಹೋಯ್ತು.”

“ಸ್ಕ್ಯಾನ್ ಮಾಡಿಸಿ ನೋಡಿದ್ರಾ ಅಮ್ಮ?”

“ಕರಗಿದ್ಮೇಲೆ ಸ್ಕ್ಯಾನ್ ಯಾಕಪ್ಪಾ?”

೪

ಡಾಕ್ಟರು ಕೊಟ್ಟ ಗಡುವು ಮುಗಿಯುವ ಹಿಂದಿನ ಸಂಜೆ ನೋವು ಮತ್ತೆ ಕೆರಳಿತು. ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಓಡಾಡುತ್ತಿದ್ದೆ. ಲೇಸರ್ ಎಂದರೆ ನನಗೆ ನಿಜವಾಗಿಯೂ ಜೀವಭಯ. ತೀರ್ಮಾನ ಮಾಡಲು ಎರಡೂ ಪಕ್ಷದವರು ನಮ್ಮ ಮನೆಯಲ್ಲೇ ಸೇರಿದರು. ಹೆಂಡತಿ ನನ್ನ ಸೊಂಟಕ್ಕೆ ಶಾಖ ಕೊಡುತ್ತಿದ್ದಳು, ಆದ್ದರಿಂದ ಓನರ್ ಅಮ್ಮನೇ ಅಡುಗೆಮನೆಗೆ ಹೋಗಿ ಎಲ್ಲರಿಗೂ ಟೀ ಮಾಡಿದರು. ಕುಡಿಯುತ್ತಾ ಜಗಳ ಜೋರಾಯಿತು. “ಲೇಸರ್!” “ಬಾಳೆದಿಂಡು!” ಯಾರೂ ಸೋಲಲೊಲ್ಲರು.

ನಾನು ಬಚ್ಚಲಿಗೆ ಎದ್ದೆ. ಕಲ್ಲು ಬಿದ್ದರೆ ಹಿಡಿದು ತನ್ನಿ, ಟೆಸ್ಟಿಗೆ ಕಳಿಸೋಣ ಎಂದು ಡಾಕ್ಟರು ಹೇಳಿದ್ದರು. ಅದಕ್ಕಾಗಿ ಟೀ ಸೋಸುವ ಜಾಲರಿಯೊಂದನ್ನು ಕೊಂಡು, ಪ್ರತಿ ಸಲವೂ ಅದರಲ್ಲೇ ಹಿಡಿದು ನೋಡಿ, ತೊಳೆದು ಅಡುಗೆಮನೆಯ ಪಕ್ಕದ ಕಿಟಕಿಗೆ ಸಿಕ್ಕಿಸುತ್ತಿದ್ದೆ. ಈಗ ಕಿಟಕಿ ಖಾಲಿ.

“ನನ್ನ ಕಲ್ಲು ಹಿಡಿಯೋ ಜಾಲರಿ ಎಲ್ಲೇ?” ಎಂದು ಹೆಂಡತಿಗೆ ಕೂಗಿದೆ.

ಜಗಳ ಗಪ್ಪನೆ ನಿಂತಿತು. ಎಲ್ಲರೂ ತಮ್ಮ ತಮ್ಮ ಲೋಟ ನೋಡಿಕೊಂಡರು. ಓನರ್ ಅಮ್ಮ ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಬಾಳೆದಿಂಡು ಸಾಕಪ್ಪ. ಬೆಳಗಾಗೋದೂ ಬೇಡ, ಈಗ್ಲೇ ಹೋಗಿ ಲೇಸರ್ ಮಾಡಿಸ್ಕೊಂಡ್ ಬಾ.”