ಕಾಲರ್ ಅಕ್ಕನ ಹಲ್ಲು

ಗಂಟು ಕಡಲೆಕಾಳಿನಷ್ಟೇ ಇತ್ತು. ಆದರೆ ಇದ್ದದ್ದು ಗುಪ್ತಾಂಗದ ಪಕ್ಕದಲ್ಲಿ. ಹಾಗಾಗಿ ಅದನ್ನು ತೆಗೆಸಲು ಎರಡು ದಿನ ರಜೆ ಬೇಕಾದಾಗ, ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿದೂ ಹೊಲಿದೂ ಎಲ್ಲರ ಬಾಯಲ್ಲಿ ‘ಕಾಲರ್ ಅಕ್ಕ’ನಾಗಿದ್ದವಳು ರಜಾ ಚೀಟಿಯಲ್ಲಿ ‘ಹಲ್ಲು ಕೀಳಿಸಬೇಕು’ ಎಂದು ಬರೆದುಬಿಟ್ಟಳು.

ಮೂರನೆಯ ದಿನ ಕೆಲಸಕ್ಕೆ ಬಂದಳು. ಗಂಟಿನ ರಿಪೋರ್ಟು ಬರುವುದೂ ಅಂದೇ. ಕ್ಯಾನ್ಸರ್ ಆಗಿದ್ದರೆ ಗತಿಯೇನು ಎಂದು ಗಳಿಗೆಗೊಮ್ಮೆ ಫೋನ್ ನೋಡಿಕೊಳ್ಳುತ್ತಿದ್ದಳು. ಮಷೀನಿನ ಮುಂದೆ ಕೂತರೆ ಹೊಲಿಗೆ ಹಾಕಿದ ಜಾಗ ಚುರ್ ಎನ್ನುತ್ತಿತ್ತು. ಪಾಪ, ನಿಂತುಕೊಂಡೇ ಅಂಗಿಗಳ ದಾರ ಕತ್ತರಿಸತೊಡಗಿದಳು.

“ಹಲ್ಲು ಕೀಳಿಸ್ಕೊಂಡವ್ಳು ಯಾಕೇ ನಿಂತಿದ್ದೀಯ?” ಎಂದಳು ಪಕ್ಕದಲ್ಲಿ ಗುಂಡಿ ಹಾಕುವ ಗುಂಡಿ ಅಮ್ಮ.

“ಕೂತ್ರೆ ನೋವಮ್ಮ.”

“ಅಯ್ಯೋ ಶಿವನೇ, ಬೇರು ಅಷ್ಟು ಕೆಳಗಿತ್ತಾ!”

ಕ್ಷಣದಲ್ಲಿ ಆ ಸಾಲಿನವರೆಲ್ಲ ವೈದ್ಯರಾದರು. ಒಬ್ಬಳು ಕೆನ್ನೆಗೆ ಮಂಜುಗಡ್ಡೆ ಒತ್ತಿದಳು, ಇನ್ನೊಬ್ಬಳು ಬಾಯಿಗೆ ಲವಂಗ ತುರುಕಿದಳು. ಮಧ್ಯಾಹ್ನ ಗುಂಡಿ ಅಮ್ಮ ಊಟದ ಡಬ್ಬಿಯನ್ನೇ ಕಿತ್ತುಕೊಂಡು, “ಅಗೀಬಾರ್ದು!” ಎಂದು ಒಂದು ಲೋಟ ಹಾಲು ಕೊಟ್ಟಳು.

ಮೂರು ಗಂಟೆಗೆ ಡಾಕ್ಟರಮ್ಮನ ಫೋನ್ ಬಂತು. ಕಾಲರ್ ಅಕ್ಕ ಬಟ್ಟೆ ಗೋದಾಮಿಗೆ ಓಡಿದಳು.

“ಹೆದರ್ಬೇಡಿ. ಎದೇಲಿ ಹಾಲಿನ ಗ್ರಂಥಿ ಇರುತ್ತಲ್ಲ, ಅದೇ ತರದ ಪುಟ್ಟ ಗ್ರಂಥಿಗಳು ಆ ಜಾಗದಲ್ಲೂ ಇರ್ತವೆ. ಅದ್ರಲ್ಲೊಂದು ಬೆಳೆದು ಗಂಟಾಗಿತ್ತು, ಅಷ್ಟೆ. ಕ್ಯಾನ್ಸರ್ ಅಲ್ಲ.”

“ಕ್ಯಾನ್ಸರ್ ಅಲ್ವಾ? ಕೆಳಗಡೆ ಇದ್ದ ಆ ಗಂಟು ಕ್ಯಾನ್ಸರ್ ಅಲ್ವೇ ಅಲ್ವಾ?” ಸಂತೋಷಕ್ಕೆ ಕಿರುಚಿಯೇಬಿಟ್ಟಳು. ಕಣ್ಣಲ್ಲಿ ನೀರು ತುಂಬಿ ಬಂತು.

ಬಟ್ಟೆ ಸುರುಳಿಗಳ ಹಿಂದಿನಿಂದ ಸೂಪರ್‌ವೈಸರ್ ಮೇಡಂ ಎದ್ದು ನಿಂತರು. ಇಡೀ ಕಾರ್ಖಾನೆ ನಡುಗುತ್ತಿದ್ದದ್ದು ಈಕೆಗೆ.

“ಹಲ್ಲು ಅಂತ ಸುಳ್ಳು ಬರೆದ್ಯಾ?”

“ತಪ್ಪಾಯ್ತು ಮೇಡಂ. ಕೆಲಸದಿಂದ ತೆಗೀಬೇಡಿ.”

ಮೇಡಂ ಹೋಗಿ ಬಾಗಿಲ ಚಿಲಕ ಹಾಕಿದರು. ವಾಪಸು ಬಂದು ಪಿಸುಗುಟ್ಟಿದರು. “ನಂಗೂ ಅಲ್ಲೇ ಒಂದು ಗಂಟಿದೆ ಕಣೇ. ಎರಡು ವರ್ಷ ಆಯ್ತು, ಯಾರಿಗೂ ತೋರ್ಸಿಲ್ಲ. ನಾಳೆ ನನ್ನ ಜೊತೆ ಬರ್ತೀಯಾ?”

ಕಾಲರ್ ಅಕ್ಕ ಅವರ ಕೈ ಹಿಡಿದುಕೊಂಡಳು. “ಬರ್ತೀನಿ ಮೇಡಂ. ನಾಳೆ ಯಾಕೆ, ಈಗ್ಲೇ ಬೇಕಾದ್ರೂ ಬರ್ತೀನಿ.”

ಮೇಡಂ ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಎಂದಿನ ಗತ್ತಿನಲ್ಲಿ ಹೊರಗೆ ಬಂದು ಸಾರಿದರು: “ಎಲ್ರೂ ಕೇಳಿ! ಕಾಲರ್‌ಗೆ ಇನ್ನೂ ನಾಲ್ಕು ಹಲ್ಲು ಕೀಳ್ಬೇಕಂತೆ. ಪಾಪ, ಒಬ್ಳನ್ನೇ ಕಳಿಸೋಕಾಗಲ್ಲ. ಎಷ್ಟು ದಿನ ಆದ್ರೂ ಸರಿ, ನಾನೇ ಜೊತೇಲಿ ಹೋಗ್ತೀನಿ!”