ಮೊಹರು ಒತ್ತಿದ ರೋಲ್ ಡಬ್ಬಿ

"ನೀ ವಾಪಸ್ ಬರೂದ್ರಾಗ ಎಲ್ಲಾ ತಯಾರಿರ್ತದ. ಸೀದಾ ಬಂದು ಕುರ್ಚಿಮ್ಯಾಲ ಕೂತು ತಿನ್ನೂದಷ್ಟ ನಿನ್ನ ಕೆಲಸ," ಎಂದು ಭೀಮಸೇನ ವಿಶಾಖಪಟ್ಟಣದ ರೈಲು ನಿಲ್ದಾಣದಲ್ಲಿ, ಕಿಟಕಿಯ ಸರಳು ಹಿಡಿದುಕೊಂಡೇ ಹೆಂಡತಿಗೆ ವಚನವಿತ್ತ.

ಹೇಮಾಕ್ಷಿ ವಿಜಯವಾಡದಲ್ಲಿದ್ದ ತಂಗಿಯ ಸೀಮಂತಕ್ಕೆ ಹೊರಟಿದ್ದಳು. ಶನಿವಾರ ಸಂಜೆ ಅವಳು ಮರಳುವ ಹೊತ್ತಿಗೇ ಪೆಂಡುರ್ತಿಯ ಅವರ ಫ್ಲ್ಯಾಟಿಗೆ ಭೀಮಸೇನನ ಬ್ಯಾಂಕಿನವರೆಲ್ಲ ಪಾರ್ಟಿಗೆ ಬರುವವರಿದ್ದರು.

"ಹೊಟೇಲಿಂದ ತರಸ್ರಿ. ಮರ್ಯಾದಿ ಉಳೀತದ," ಎಂದಳು ಹೇಮಾಕ್ಷಿ. ರೈಲು ಹೊರಟಿತು.

ಧಾರವಾಡದ ಈ ಬ್ಯಾಂಕ್ ಅಧಿಕಾರಿಗೆ ನಾಟಿದ್ದು ಅದೇ ಮಾತು. ವಿಜಯವಾಡಕ್ಕೆ ವರ್ಗವಾಗಿದ್ದಾಗ ಭವಾನಿಪುರಂನಲ್ಲಿ ಒಬ್ಬನೇ ರೂಮು ಮಾಡಿಕೊಂಡು, ತಾನೇ ಬೇಯಿಸಿಕೊಂಡು ಉಂಡಿದ್ದೆ ಎಂದು ಅವನು ಹೇಳುತ್ತಲೇ ಇದ್ದ. ಅದು ನಿಜವೂ ಆಗಿತ್ತು. ಆದರೆ ಹೇಮಾಕ್ಷಿ "ಯಾರ್ ನೋಡ್ಯಾರ್ರಿ?" ಎಂದು ಕೇಳಿದರೆ ಅವನ ಬಳಿ ಸಾಕ್ಷಿ ಇರಲಿಲ್ಲ. ವಿಶಾಖಪಟ್ಟಣಕ್ಕೆ ಮರಳಿದ ಮೇಲೂ ಮನೆಯಲ್ಲಿ ಅವನ ಪಾಕಶಾಸ್ತ್ರಕ್ಕೆ ಮಾನ್ಯತೆ ಸಿಕ್ಕಿರಲಿಲ್ಲ. ಪಾರ್ಟಿಯ ನೆಪದಲ್ಲಿ ಅವಳ ಬಾಯಿಂದ ಒಮ್ಮೆ ಒಪ್ಪಿಸಿಬಿಡಬೇಕು ಎಂಬುದೇ ಅವನ ಏಕೈಕ ಗುರಿಯಾಗಿತ್ತು.

ಫೋನಿನಲ್ಲಿ ನೋಡಿ ಆರಿಸಿದ್ದು ಟಾರ್ಟಿಯಾ ರೋಲ್. ಮೆಕ್ಸಿಕೋದವರ ಚಪಾತಿಯೊಳಗೆ ಆಲೂಗಡ್ಡೆ, ಪನೀರು, ಜೋಳದ ಕಾಳು ತುಂಬಿ, ಬೆರಳಿನಷ್ಟು ಸಪೂರವಾಗಿ ಸುತ್ತಿ ಕರಿಯುವುದು. ಹಿಂದಿನ ದಿನವೇ ಅರೆಬರೆ ಕರಿದು ಫ್ರೀಜರಿನಲ್ಲಿಟ್ಟರೆ, ಮಂದಿ ಬಂದ ಮೇಲೆ ಮತ್ತೊಮ್ಮೆ ಎಣ್ಣೆಗೆ ಬಿಟ್ಟರಾಯಿತು, ಗರಿಗರಿ. ಭೀಮಸೇನ ಶುಕ್ರವಾರ ರಜೆ ಹಾಕಿ ಲಟ್ಟಣಿಗೆ ಹಿಡಿದ. ಮೊದಮೊದಲು ಸುತ್ತಿದವು ಎಣ್ಣೆಗೆ ಬೀಳುತ್ತಲೇ ಬಿಚ್ಚಿಕೊಂಡು ಮತ್ತೆ ಚಪಾತಿಯಾದವು. ಅಂಚಿಗೆ ಮೈದಾ ಅಂಟು ಸವರಿದ ಮೇಲೆ ಮಾತು ಕೇಳಿದವು. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಸ್ಟೀಲ್ ಡಬ್ಬಿ ತುಂಬಿತು. ಒಂದನ್ನು ಪೂರ್ತಿ ಕರಿದು ತಿಂದು ನೋಡಿದ. ಅವನಿಗೇ ಅವನ ಮೇಲೆ ಗೌರವ ಉಕ್ಕಿತು.

ಆದರೆ ಮನೆಯ ಫ್ರೀಜರಿನಲ್ಲಿ ಹೇಮಾಕ್ಷಿ ತುರಿದಿಟ್ಟ ತೆಂಗಿನಕಾಯಿ, ಬಿಡಿಸಿಟ್ಟ ಬಟಾಣಿ ಕಾಯಂ ಠಿಕಾಣಿ ಹೂಡಿದ್ದವು. ಎದುರು ಮನೆಯ ಸೂರ್ಯಕಾಂತಮ್ಮನವರದು ಬೀರುವಿನಂಥ ಫ್ರಿಜ್ಜು. ಅಲ್ಲಿಡುವುದೆಂದು ತೀರ್ಮಾನವಾಯಿತು.

ಬೇರೆಯವರ ಮನೆಯಲ್ಲಿ ಇಡುವ ವಸ್ತು. ಮಧ್ಯದಲ್ಲಿ ಯಾರಾದರೂ ಮುಚ್ಚಳ ತೆಗೆದರೆ? ಇಷ್ಟು ವರ್ಷ ನಗದು ಚೀಲಕ್ಕೆ ದಾರ ಕಟ್ಟಿ ಅರಗಿನ ಮೊಹರು ಒತ್ತಿದ ಕೈ ಸುಮ್ಮನಿರಲಿಲ್ಲ. ದಾರ ಹುಡುಕಿದರೆ ಸಿಕ್ಕಿದ್ದು ದೇವರ ಗೂಡಿನಲ್ಲಿದ್ದ ಅರಿಶಿನ ದಾರ. ಅರಗಿಲ್ಲದ್ದರಿಂದ ಕುಂಕುಮ ಕಲಸಿ, ಗಂಟಿನ ಮೇಲೆ ಹೆಬ್ಬೆರಳು ಒತ್ತಿದ. ನೋಡಲು ಭದ್ರವಾಗಿತ್ತು.

ಸೂರ್ಯಕಾಂತಮ್ಮ ಪೂಜೆಯಲ್ಲಿದ್ದರು. ಅವರ ಯಜಮಾನರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. "ಸ್ವಲ್ಪ ಫ್ರೀಜರಿನಲ್ಲಿ ಇಡಿ ಸಾರ್, ನಾಳೆ ಸಂಜೆ ಒಯ್ಯುತ್ತೇನೆ," ಎಂದು ಭೀಮಸೇನ ಸ್ಪಷ್ಟ ತೆಲುಗಿನಲ್ಲೇ ಹೇಳಿದ. ಅವರು ಕತ್ತು ತಿರುಗಿಸದೆ ಡಬ್ಬಿ ಇಸಿದುಕೊಂಡು, "ಸರಿ ಸರಿ" ಎಂದರು. ಮಾತು ಕಿವಿಗೆ ಬಿದ್ದಿತೋ ಇಲ್ಲವೋ, ಡಬ್ಬಿ ಮಾತ್ರ ಫ್ರೀಜರಿಗೆ ಬಿತ್ತು.

ಶನಿವಾರ ಸಂಜೆ ಭೀಮಸೇನ ಎಣ್ಣೆ ಕಾಯಲಿಟ್ಟು ಎದುರು ಮನೆಯ ಗಂಟೆ ಒತ್ತಿದ. ಸೂರ್ಯಕಾಂತಮ್ಮ ನಗುನಗುತ್ತ ಡಬ್ಬಿ ತಂದುಕೊಟ್ಟರು. ಮೇಲೆ ವೀಳ್ಯದೆಲೆ, ಬಾಳೆಹಣ್ಣು, ಒಂದು ರವಿಕೆ ಕಣ. ಇದೇಕೆ ಎಂದು ಹೊಳೆಯದಿದ್ದರೂ ಡಬ್ಬಿ ಭಾರವಾಗಿದ್ದುದಕ್ಕೆ ಭೀಮಸೇನನಿಗೆ ಸಮಾಧಾನವಾಯಿತು. ಅಲ್ಲೇ ಬಾಗಿಲಲ್ಲಿ ಮುಚ್ಚಳ ತೆಗೆದ. ಒಳಗೆ ಅಂಚಿನವರೆಗೂ ನೆನೆಸಿದ ಕಡಲೆ.

"ಇದರಲ್ಲಿದ್ದ ರೋಲು?"

"ವಾಯನದ ಡಬ್ಬಿಯನ್ನು ಬರಿದಾಗಿ ಹಿಂದಕ್ಕೆ ಕೊಡೋದುಂಟಾ ಭೀಮಸೇನಗಾರು? ಊರಲ್ಲಿ ಇಲ್ಲದಿದ್ದರೂ ನಿಮ್ಮ ಹೇಮಾಕ್ಷಿ ಶ್ರಾವಣ ಶುಕ್ರವಾರ ಮರೀಲಿಲ್ಲ ನೋಡಿ. ಅರಿಶಿನ ದಾರ, ಕುಂಕುಮ, ಎಷ್ಟು ಶಾಸ್ತ್ರವಾಗಿ ಕಳಿಸಿದ್ದಾಳೆ. ನಿನ್ನೆ ಬಂದ ಮುತ್ತೈದೆಯರಿಗೆಲ್ಲ ಕರಿದು ಕೊಟ್ಟೆ."

ವಾಯನವೆಂದರೆ ನಮ್ಮ ಬಾಗಿನ. ಭೀಮಸೇನ ಕಡಲೆಯೊಳಗೆ ಕೈಯಾಡಿಸಿ ನೋಡಿದ. "ಒಂದೆರಡಾದರೂ ಉಳಿದಿವೆಯಾ?" ಎಂದ.

"ಉಳಿಸ್ತಾರೇನು? ಇನ್ನೂ ಬೇಕು ಅಂತ ಕೇಳಿದರು."

ಸಾಲವಾಗಿದ್ದರೆ ವಸೂಲಿಗೆ ನೋಟಿಸು ಕಳಿಸಬಹುದು. ಬಾಗಿನಕ್ಕೆ ಆ ಸೌಲಭ್ಯವಿಲ್ಲ. ಭೀಮಸೇನ ಕೈ ಮುಗಿದು ಮನೆಗೆ ಬಂದು, ಕಾದ ಎಣ್ಣೆ ಕೆಳಗಿಳಿಸಿ, ಕಡಲೆಯನ್ನು ಕುಕ್ಕರಿಗೆ ಸುರಿದು, ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಉಸುಳಿ ಮಾಡಿದ. ಒಗ್ಗರಣೆಯ ಘಾಟು ಇಳಿಯುವ ಮೊದಲೇ ಬ್ಯಾಂಕಿನವರು ಬಂದರು. ಅವರ ಹಿಂದೆಯೇ ಹೇಮಾಕ್ಷಿ ಚೀಲ ಹಿಡಿದು ಬಂದಳು. ಅವಳ ಹಿಂದೆ ಸೂರ್ಯಕಾಂತಮ್ಮ.

"ನಿನ್ನ ಕೈರುಚಿಗೆ ನಮಸ್ಕಾರ ಕಣಮ್ಮ. ಅಂಥ ರೋಲು ನಾನು ಜನ್ಮದಲ್ಲಿ ತಿಂದಿರಲಿಲ್ಲ," ಎಂದು ಅವರು ಎಲ್ಲರೆದುರು ಹೇಮಾಕ್ಷಿಯ ಕೈ ಹಿಡಿದುಕೊಂಡರು.

"ಅವು ನಾನು ಮಾಡಿದ್ದು," ಎಂದ ಭೀಮಸೇನ. ಎಲ್ಲರೂ ನಕ್ಕರು. ಮ್ಯಾನೇಜರಂತೂ ಅವನ ಬೆನ್ನು ತಟ್ಟಿ, ಒಳ್ಳೆಯ ಜೋಕು ಎಂದರು.

"ಉಸುಳಿ ಭಾಳ ಛಲೋ ಆಗ್ಯದ. ಸೂರ್ಯಕಾಂತಮ್ಮನೋರು ಕೊಟ್ಟದ್ದೇನ್ರಿ?" ಎಂದು ಹೇಮಾಕ್ಷಿ ಕೇಳಿದಳು. ಸೂರ್ಯಕಾಂತಮ್ಮ ಕಡಲೆಯ ಮಟ್ಟಿಗೆ ಹೌದೆಂದು ತಲೆಯಾಡಿಸಿದರು. ಭೀಮಸೇನನಿಗೆ ಅಳು ಬರುವುದೊಂದು ಬಾಕಿಯಿತ್ತು.

ಮಂದಿಯೆಲ್ಲ ಹೋದ ಮೇಲೆ ಹೇಮಾಕ್ಷಿ ಅಡುಗೆಮನೆಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತಳು. ಸಿಂಕಿನ ತುಂಬ ಪಾತ್ರೆ, ಗೋಡೆಯ ತುಂಬ ಮೈದಾ, ಎಣ್ಣೆಯ ಕಡಾಯಿಯಲ್ಲಿ ಲಟ್ಟಣಿಗೆ.

"ರೋಲ್ ನೀವ ಮಾಡೀರಿ. ಖರೇ ಅದ," ಎಂದಳು.

ಭೀಮಸೇನನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಹೆಂಗ ಗೊತ್ತಾತು?"

"ಒಂದು ಡಬ್ಬಿ ತಿಂಡಿಗೆ ಇಷ್ಟು ಭಾಂಡೆ ಹೊಲಸ ಮಾಡೂದು ನನಗಂತೂ ಬರಂಗಿಲ್ಲ."

"ಮತ್ತ ನಡಿ, ಈಗಿಂದೀಗ ಎದುರಿನ ಮನಿಗೆ ಹೋಗಿ ಹೇಳು."

"ಹೇಳೂದ್ಯಾಕ? ಬರೋ ಶುಕ್ರವಾರ ಇಡೀ ಅಪಾರ್ಟ್‌ಮೆಂಟಿನ ಮುತ್ತೈದೇರಿಗೆಲ್ಲಾ ಮಾಡಿಕೊಡು ಅಂತ ಸೂರ್ಯಕಾಂತಮ್ಮನೋರು ನನಗ ಕೇಳಿ ಹೋಗ್ಯಾರ. ಆಗ್ಲಿ ಅಂದೀನಿ," ಎಂದು ಹೇಮಾಕ್ಷಿ ಲಟ್ಟಣಿಗೆಯನ್ನು ಎಣ್ಣೆಯಿಂದ ಎತ್ತಿ ಅವನ ಕೈಗಿತ್ತಳು. "ರಜಾ ಈಗ ಹಾಕಿಬಿಡ್ರಿ."